ವಾಶ್‌ಬೇಸಿನ್ ಕೆಳಗಿನ ಕ್ಯಾಬಿನೆಟ್: ಬಡಗಿಯ ಕೆಲಸವೋ, ಫ್ಯಾಕ್ಟರಿಯದೋ, ರೆಡಿಮೇಡೋ?

ಹಳೇ ಬಾತ್‌ರೂಮ್ ಒಡೆದು ಹೊಸದು ಮಾಡಿಸುವವರಿಗೆ ಬೆಂಗಳೂರಿನಂಥ ಊರಿನಲ್ಲಿ ಮೂರು ದಾರಿಗಳಿವೆ. ಮನೆಗೇ ಬಂದು ಕೂಡಿಸುವ ಬಡಗಿ, ಅಳತೆ ತೆಗೆದುಕೊಂಡು ಹೋಗಿ ಮಾಡಿ ತರುವ ಮಾಡ್ಯುಲರ್ ಫ್ಯಾಕ್ಟರಿ, ಸ್ಯಾನಿಟರಿ ಅಂಗಡಿಯ ರೆಡಿಮೇಡ್ ಪಿವಿಸಿ ಪೆಟ್ಟಿಗೆ. ರೆಡಿಮೇಡ್ ಬಾಡಿಗೆ ಮನೆಗೆ ಸಾಕು. ಗೋಡೆಯ ಅಗಲಕ್ಕೆ ಅದು ಕೂರದಿದ್ದರೆ ಪಕ್ಕದಲ್ಲಿ ಉಳಿಯುವ ಸಂದಿ ಜಿರಲೆಗಳ ಪಾಲು, ಅಷ್ಟೇ.

ಹಲಗೆಯ ಮಾತಿಗೆ ಬಂದರೆ, ಪ್ಲೈವುಡ್ ಹಾಕಿಸುವುದಾದರೆ ಐಎಸ್ 710 (ಭಾರತೀಯ ಮಾನಕ) ಮುದ್ರೆಯ ಬಿಡಬ್ಲ್ಯುಪಿ, ಅಂದರೆ ಕುದಿನೀರು ತಡೆಯುವ ದರ್ಜೆಯದು ಮಾತ್ರ. ಬರೀ ತೇವ ತಡೆಯುವ ಎಂಆರ್ ದರ್ಜೆಯದು ಬೆಡ್‌ರೂಮ್ ವಾರ್ಡ್‌ರೋಬಿಗೆ ಸರಿ, ಇಲ್ಲಿಗಲ್ಲ. 710ರ ತುಂಡು 72 ಗಂಟೆ ಕುದಿವ ನೀರಿನಲ್ಲಿದ್ದರೂ ಪದರ ಬಿಡಬಾರದು ಎಂಬುದು ಅದರ ಪರೀಕ್ಷೆ. ಹಲಗೆಯ ಮೇಲಿನ ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಬರೀ ‘ಮರೈನ್’ ಎಂಬ ಸ್ಟಿಕ್ಕರನ್ನು ನಂಬಬೇಡಿ.

ಪಿವಿಸಿ ಫೋಮ್ ಬೋರ್ಡನ್ನು ಅಂಗಡಿಗಳಲ್ಲಿ ‘ಡಬ್ಲ್ಯುಪಿಸಿ’ (ಮರದ ಪುಡಿ–ಪ್ಲಾಸ್ಟಿಕ್ ಬೆರಕೆಯ ಹಲಗೆ) ಎಂದೇ ಮಾರುವುದುಂಟು. ಅದು ನೀರಿಗೆ ಜಗ್ಗುವುದಿಲ್ಲ, ಗೆದ್ದಲೂ ಹಿಡಿಯುವುದಿಲ್ಲ. ಅದರ ದೌರ್ಬಲ್ಯ ಸ್ಕ್ರೂ ಹಿಡಿತದಲ್ಲಿ, ಬಾಗುವುದರಲ್ಲಿ. ಸಾಂದ್ರತೆ ಘನ ಸೆಂ.ಮೀ.ಗೆ 0.6 ಗ್ರಾಂ ಇದ್ದರೆ 18 ಎಂಎಂ ದಪ್ಪದ 8×4 ಅಡಿ ಶೀಟು ಸುಮಾರು 32 ಕೆಜಿ ತೂಗಬೇಕು. 24–25 ಕೆಜಿ ಬಂದರೆ ಒಳಗೆ ಗಾಳಿ ಜಾಸ್ತಿ. ಬಾಗಿಲಿನ ಹಿಂಜ್ ಸ್ಕ್ರೂ ಬೇಗ ಕಿತ್ತುಬರುತ್ತದೆ. ಇದರಲ್ಲಿ ಬಾಗಿಲು 450 ಎಂಎಂ ಅಗಲಕ್ಕಿಂತ, ಆಸರೆಯಿಲ್ಲದ ಶೆಲ್ಫ್ 600 ಎಂಎಂ ಉದ್ದಕ್ಕಿಂತ ದಾಟದಿರಲಿ. ಶವರ್ ಭಾಗಕ್ಕೆ ಗಾಜು ಹಾಕಿ ಒಣಗಿದ ಜಾಗ ಬೇರೆ ಮಾಡಿದ್ದರೆ ಪ್ಲೈ. ಬಕೆಟ್ಟು–ಚೊಂಬಿನ ಸ್ನಾನ, ನೆಲವೆಲ್ಲ ನೀರು ಎನ್ನುವ ಮನೆಗೆ ಫೋಮ್ ಬೋರ್ಡು. ನಮ್ಮ ಮನೆಗಳಲ್ಲಿ ಎರಡನೆಯದೇ ಹೆಚ್ಚು.

ಆದರೆ ಎಂಥ ಪ್ಲೈ ಆದರೂ ಕೆಡುವುದು ಕೊಯ್ದ ಅಂಚಿನಿಂದ. ಫ್ಯಾಕ್ಟರಿಗೆ ಹೆಚ್ಚು ದುಡ್ಡು ಕೊಡುವುದು ಸಾರ್ಥಕವಾಗುವುದೂ ಇಲ್ಲಿಯೇ. ಯಂತ್ರದಲ್ಲಿ ಬಿಸಿ ಅಂಟಿನಿಂದ ಕೂರಿಸಿದ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಸಂದಿಯಿಲ್ಲದೆ ಕೂರುತ್ತದೆ. ಅಂಟು ಪಿಯುಆರ್ (ಪಾಲಿಯುರೆಥೇನ್) ಆಗಿರಲಿ, ಮಾಮೂಲಿ ಇವಿಎ ಅಂಟು ತೇವ–ಬಿಸಿಗೆ ಅಷ್ಟು ತಡೆಯುವುದಿಲ್ಲ. ಬಡಗಿ ಕೈಯಲ್ಲಿ ಒತ್ತಿದ ಪಟ್ಟಿ ಮೊದಲು ಬಾಗಿಲಿನ ಕೆಳ ಅಂಚಿನಲ್ಲಿ ಏಳುತ್ತದೆ, ಕಣ್ಣಿಗೆ ಕಾಣದ ಆ ಅಂಚನ್ನು ಹಲವರು ಪಟ್ಟಿಯಿಲ್ಲದೆ ಹಾಗೇ ಬಿಡುವುದೂ ಉಂಟು. ಡೆಲಿವರಿ ದಿನ ಬಾಗಿಲಿನಡಿ ಬೆರಳು ಆಡಿಸಿ ನೋಡಿ. ಪೈಪಿಗಾಗಿ ಹಿಂದಿನ ಹಲಗೆಯಲ್ಲಿ ಕೊರೆದ ತೂತುಗಳಂತೂ ಸೈಟಿನಲ್ಲೇ ಆಗುವ ಕೆಲಸ. ಅವುಗಳ ಒಳಅಂಚಿಗೆ ಸಿಲಿಕೋನ್ ಬಳಿಯದೆ ಹೋದರೆ ಫ್ಯಾಕ್ಟರಿಯ ಅಚ್ಚುಕಟ್ಟೆಲ್ಲ ವ್ಯರ್ಥ.

ಬಡಗಿ ಗೆಲ್ಲುವುದು ಸೊಟ್ಟ ಗೋಡೆಯಲ್ಲಿ. ಹಳೇ ಮನೆಯ ಮೂಲೆ 90 ಡಿಗ್ರಿ ಇರುವುದು ಅಪರೂಪ. ಬಡಗಿ ಗೋಡೆಗೆ ತಕ್ಕಂತೆ ಕೆತ್ತಿ ಕೂರಿಸುತ್ತಾನೆ; ಫ್ಯಾಕ್ಟರಿ ಪೆಟ್ಟಿಗೆಗೆ ಸಂದಿ ಮುಚ್ಚುವ 20–30 ಎಂಎಂ ಫಿಲ್ಲರ್ ಪಟ್ಟಿ ಬೇಕು, ಅದನ್ನು ಮೊದಲೇ ಡ್ರಾಯಿಂಗಿನಲ್ಲಿ ಕೇಳಿ. ಯಾರದೇ ಕೆಲಸವಾದರೂ ಕೊನೆಯ ಅಳತೆ ಟೈಲ್ಸ್ ಹಾಕಿದ ಮೇಲೆ ಆಗಲಿ. ಟೈಲು, ಅಂಟು ಸೇರಿ ಒಂದೊಂದು ಗೋಡೆಯೂ 15–20 ಎಂಎಂ ಮುಂದೆ ಬರುತ್ತದೆ.

ಬೇಸಿನ್ ಕೂರುವ ಕಲ್ಲಿನ ಭಾರ ಕ್ಯಾಬಿನೆಟ್ ಮೇಲೆ ಬೀಳಬಾರದು. 3 ಅಡಿ ಉದ್ದ, 500 ಎಂಎಂ ಆಳ, 20 ಎಂಎಂ ದಪ್ಪದ ಗ್ರಾನೈಟೇ ಸುಮಾರು 24 ಕೆಜಿ. ಮೇಲೆ ಸೆರಾಮಿಕ್ ಬೇಸಿನ್ನು, ಕೈಯೂರುವವರ ಭಾರ ಬೇರೆ. ಗೋಡೆಗೆ ಎಲ್ ಬ್ರಾಕೆಟ್ ಕೊಟ್ಟು ಕಲ್ಲನ್ನು ಕೂರಿಸಿ, ಪೆಟ್ಟಿಗೆಯನ್ನು ನೆಲದಿಂದ 8–10 ಇಂಚು ಮೇಲೆ ತೂಗುಹಾಕಿಸಿ, ಮಾಪ್ ಆಡಲಿ. ಕಲ್ಲಿನ ಮುಂಚಾಚು 15–20 ಎಂಎಂ ಇರಲಿ, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಹೊಡೆಸಿ. ಇಲ್ಲದಿದ್ದರೆ ನೀರು ಕಲ್ಲಿನಡಿಯಲ್ಲೇ ಹರಿದು ಬಾಗಿಲಿನ ನೆತ್ತಿಗೆ ಬರುತ್ತದೆ. ಟೇಬಲ್ ಟಾಪ್ ಬೇಸಿನ್ (ಕಲ್ಲಿನ ಮೇಲೆ ಬಟ್ಟಲಿನಂತೆ ಕೂರುವುದು) ಆದರೆ ಬಟ್ಟಲಿನ ಎತ್ತರ ಕಳೆದು ಕಲ್ಲಿನ ಮಟ್ಟ ಹಿಡಿಯಿರಿ: ಬಟ್ಟಲಿನ ಅಂಚು ನೆಲದಿಂದ 850 ಎಂಎಂ ಆಸುಪಾಸಿಗೆ ಬರಬೇಕು, 140 ಎಂಎಂ ಬಟ್ಟಲಿಗೆ ಕಲ್ಲು 710ಕ್ಕೆ. ಇದನ್ನು ಮರೆತು ಕಲ್ಲನ್ನೇ 850ಕ್ಕೆ ಕೂರಿಸಿದ ಮನೆಗಳಲ್ಲಿ ಮಕ್ಕಳು ಸ್ಟೂಲು ಹಾಕಿಕೊಂಡು ಮುಖ ತೊಳೆಯುತ್ತಾರೆ.

ಡ್ರಾಯರ್ ಆಸೆಯಿದ್ದರೆ ಬಾಟಲ್ ಟ್ರ್ಯಾಪ್ (ಬೇಸಿನ್ನಿನ ನೀರು ಹೋಗುವ ಬಾಟಲಿಯಾಕಾರದ ಪೈಪು) ಎಲ್ಲಿ ಇಳಿಯುತ್ತದೆಂದು ಮೊದಲು ನೋಡಿ. ಮೇಲಿನ ಡ್ರಾಯರಿಗೆ ಯು ಆಕಾರದ ಕಟಿಂಗ್ ಬೇಕೇ ಬೇಕು. ಟ್ರ್ಯಾಪಿನ ಕೆಳಬಟ್ಟಲು ಬಿಚ್ಚಲು, ನೀರು ನಿಲ್ಲಿಸುವ ಆಂಗಲ್ ಕಾಕಿಗೆ ಸ್ಪ್ಯಾನರ್ ತಿರುಗಿಸಲು ಕೈ ಹೋಗಬೇಕು. ಸಣ್ಣ ಬಾತ್‌ರೂಮಿಗೆ ಎರಡು ಬಾಗಿಲೇ ಲೇಸು, ಡ್ರಾಯರ್ ನೋಡಲಷ್ಟೇ ಚಂದ.

ಹಿಂಜ್, ಡ್ರಾಯರ್ ಜಾರುವ ಚಾನೆಲ್ ಎರಡೂ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ) ಎಂದು ಕೊಟೇಶನ್ನಿನಲ್ಲಿ ಬರೆಸಿ. ನಿಕ್ಕಲ್ ಲೇಪದ ಕಬ್ಬಿಣ ಇಲ್ಲಿ ಬಾಳುವುದಿಲ್ಲ. 304ನ್ನೂ ತಿನ್ನುವುದೊಂದಿದೆ: ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಾಟಲಿಯ ಹಬೆ. ಎಲ್ಲರೂ ಅದನ್ನು ಇಡುವುದು ಬೇಸಿನ್ ಕೆಳಗೇ.

ಕೊಟೇಶನ್ ಚದರಡಿ ಲೆಕ್ಕದಲ್ಲಿ ಬಂದರೆ ಕಲ್ಲು, ಬ್ರಾಕೆಟ್, ಹಿಂಜ್, ಒಳಮೈಗೂ ಲ್ಯಾಮಿನೇಟ್, ಪ್ಲಂಬರ್ ಕೂಲಿ ಅದರಲ್ಲಿವೆಯೇ ಎಂದು ಒಂದೊಂದಾಗಿ ಕೇಳಿ. ಒಳಮೈಗೆ ಬರೀ ಪಾಲಿಶ್ ಹೊಡೆದು ಬಿಡುವವರ ದರ ಕಡಿಮೆ ಕಾಣುವುದು ಸಹಜ.