ಫೋಟೋದಲ್ಲಿ ತುಂಬಿದ ಕೆರೆ, ಮಾರ್ಚ್‌ನಲ್ಲಿ ಅರ್ಧ ಕೆರೆ: ಸಕಲೇಶಪುರದ ಕಡೆಯ ಒಂದು ಹೋಂಸ್ಟೇ

2024ರ ಶಿವರಾತ್ರಿ ಶುಕ್ರವಾರ ಬಂದಿತ್ತು. ಮೂರು ದಿನ ರಜೆ. ಬೆಂಗಳೂರಿನಲ್ಲಿ ಆಗ ನೀರಿಗೆ ಹಾಹಾಕಾರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಲ್ಲಿ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದೂ ಆ ದಿನಗಳಲ್ಲೇ. ಅಂಥ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ‘ಪ್ರೈವೇಟ್ ಲೇಕ್, ಕಯಾಕಿಂಗ್, ಫಿಶಿಂಗ್’ ಅಂತ ತುಂಬಿದ ಕೆರೆಯ ಫೋಟೋ ಕಂಡರೆ ಯಾರು ಬಿಡ್ತಾರೆ? ಒಬ್ಬರಿಗೆ ದಿನಕ್ಕೆ 2,800 ರೂಪಾಯಿ, ಊಟ ತಿಂಡಿ ಸೇರಿ. ಮಗಳಿಗೆ ಏಳು ವರ್ಷ, ಅವಳಿಗೆ ಅರ್ಧ. ಬುಕ್ ಮಾಡಿಬಿಟ್ಟೆ.

ಹೋಂಸ್ಟೇ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ತಕರಾರು ಅವರೊಬ್ಬರದ್ದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಹಾಸನದಿಂದ ಸಕಲೇಶಪುರಕ್ಕೆ 40 ಕಿಲೋಮೀಟರ್. ಅಲ್ಲಿಂದ ಒಳದಾರಿಯಲ್ಲಿ ಅರ್ಧ ಗಂಟೆ. ಕೊನೆಯ ಎರಡು ಕಿಲೋಮೀಟರ್ ತೋಟದ ಮಣ್ಣು ರಸ್ತೆ. ನಮ್ಮ ಸಣ್ಣ ಕಾರಿನ ಹೊಟ್ಟೆ ಮೂರು ಸಲ ಕಲ್ಲಿಗೆ ತಾಗಿತು. ಜೀಪ್ ಕಳಿಸ್ತೀವಿ ಅಂದಿದ್ದರು, ನಮ್ಮನೆಯವರೇ ಬೇಡ ಅಂದಿದ್ದರು. ಅದು ಹೋಂಸ್ಟೇ ತಪ್ಪಲ್ಲ.

ಹೋದ ತಕ್ಷಣ ಮಗಳು ಕೆರೆ ಕಡೆ ಓಡಿದಳು. ಹಿಂದೆಯೇ ನಾನು. ಮರದ ಜೆಟ್ಟಿ ಇತ್ತು, ಫೋಟೋದಲ್ಲಿದ್ದದ್ದೇ. ಆದರೆ ಅದರ ಕೆಳಗೆ ನೀರಿರಲಿಲ್ಲ. ಬಿರುಕು ಬಿಟ್ಟ ಕೆಸರು, ಅದರ ಮೇಲೆ ಮಗುಚಿ ಹಾಕಿದ ಎರಡು ಹಳದಿ ಕಯಾಕ್. ನೀರು ಆಚೆ ಎಲ್ಲೋ, ಮೂವತ್ತು ಹೆಜ್ಜೆ ದೂರ. ಮೂರ್ನಾಲ್ಕು ಬೆಳ್ಳಕ್ಕಿ ಕೆಸರಲ್ಲಿ ಆರಾಮಾಗಿ ಓಡಾಡುತ್ತಿದ್ದವು. ನನಗೆ ಸಿಟ್ಟು ಬಂತು.

ನಮ್ಮ ಮಾವ ಕೋಲಾರದ ಕಡೆಯವರು. ಅವರ ಅಪ್ಪ ಊರ ಕೆರೆಯ ನೀರಗಂಟಿ, ಅಂದರೆ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುವವರು. ಚಿಕ್ಕವರಿದ್ದಾಗ ಅಪ್ಪನ ಜೊತೆ ತೂಬು ಎತ್ತಲು ಹೋದವರು. ಆಮೇಲೆ ಆ ಕೆರೆ ವರ್ಷಗಟ್ಟಲೆ ಒಣಗೇ ಇತ್ತು, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರುವವರೆಗೆ. ಹಾಗಾಗಿ ಎಲ್ಲಿ ಕೆರೆ ಕಂಡರೂ ಅವರು ಏರಿ ಹತ್ತಿ ನಿಲ್ತಾರೆ. ಇಲ್ಲೂ ಹತ್ತಿದರು. ಏರಿಯ ಒಳಮೈ ಕಲ್ಲಿನ ಮೇಲೆ ಒಂದರ ಕೆಳಗೊಂದು ಗೆರೆ ಮೂಡಿದ್ದವು, ಪಾತ್ರೆಯಲ್ಲಿ ಹಾಲು ಇಳಿದಾಗ ಅಂಟಿಕೊಳ್ಳುತ್ತಲ್ಲ, ಹಾಗೆ. ಮಾವ ಕೋಲು ಇಟ್ಟು ಗೇಣು ಹಾಕಿದರು.

‘ಇದು ಬಿಸಿಲಿಗೆ ಆರಿದ್ದಲ್ಲಮ್ಮ. ಯಾರೋ ಎತ್ತವ್ರೆ. ನಾಕಡಿ ಐತೆ.’

ಅಷ್ಟರಲ್ಲಿ ಮಾಲೀಕರು ಬಂದರು. ಐವತ್ತರ ಆಸುಪಾಸು, ಲುಂಗಿ, ತಲೆಗೆ ಟವೆಲ್. ‘ಹೌದು ಯಜಮಾನ್ರೇ, ಕಾಫಿಗೆ ಹೊಡ್ದಿದ್ದು’ ಅಂದರು. ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಬರಬೇಕು, ಬರದಿದ್ದರೆ ರೊಬಸ್ಟಾ ತಳಿಯ ಕಾಫಿ ಗಿಡಕ್ಕೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡಬೇಕು. ಕೊಟ್ಟ ಎಂಟೊಂಬತ್ತು ದಿನಕ್ಕೆ ಹೂ ಅರಳುತ್ತದೆ. ನೀರು ತಪ್ಪಿತೋ, ಆ ವರ್ಷದ ಫಸಲು ಹೋಯಿತು. ಹಿಂದಿನ ವರ್ಷ ಮಳೆಯೂ ಕೈಕೊಟ್ಟಿತ್ತು, ಕೆರೆ ಪೂರ್ತಿ ತುಂಬಿರಲೇ ಇಲ್ಲ.

ಮಾವ ಅಲ್ಲೇ ಲೆಕ್ಕ ಹಾಕಿದರು. 60 ಎಕರೆ ರೊಬಸ್ಟಾ, ಎಕರೆಗೆ ಒಂದೂವರೆ ಇಂಚು ನೀರು. ಕೆರೆ 2 ಎಕರೆ. ಅರವತ್ತಕ್ಕೆ ಒಂದೂವರೆಯಂತೆ 90, ಅದನ್ನು ಕೆರೆಯ ಎರಡು ಎಕರೆಯಿಂದ ಭಾಗಿಸಿದರೆ 45 ಇಂಚು. ನಾಲ್ಕಡಿಗೆ ಸ್ವಲ್ಪ ಕಡಿಮೆ. ಕಲ್ಲಿನ ಗೆರೆಗೂ ಲೆಕ್ಕಕ್ಕೂ ತಾಳೆಯಾಯಿತು. ಇಬ್ಬರೂ ಖುಷಿಯಾದರು. ನಾನು ಮಾತ್ರ ಕಯಾಕ್ ನೋಡುತ್ತಾ ನಿಂತಿದ್ದೆ.

ಲೆಕ್ಕವೆಲ್ಲ ಸರಿ. ಆದರೆ ಬುಕ್ ಮಾಡುವಾಗ ಇದನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತಲ್ವಾ? ಕೇಳಿದೆ. ಫೋಟೋ ಹಾಕಿದ್ದು ಬುಕಿಂಗ್ ನೋಡಿಕೊಳ್ಳುವ ಹುಡುಗ, ಅದು ನವೆಂಬರ್‌ದು, ನನಗೂ ಗೊತ್ತಿರಲಿಲ್ಲ ಅಂದರು. ನಾನು ನಂಬಲಿಲ್ಲ. ಅಕ್ಕಪಕ್ಕದ ಇನ್ನೂ ಎರಡು ತೋಟದ ಹೋಂಸ್ಟೇಗಳ ಫೋಟೋ ತೆಗೆದು ನೋಡಿದೆ. ಅವೂ ತುಂಬಿದ ಕೆರೆಯವೇ. ಈ ಕಡೆ ‘ಪ್ರೈವೇಟ್ ಲೇಕ್’ ಅನ್ನೋದು ಹೆಚ್ಚಾಗಿ ತೋಟಕ್ಕೆ ನೀರು ಹೊಡೆಯುವ ಕೆರೆ. ಮೊದಲು ಗಿಡ, ಆಮೇಲೆ ಗೆಸ್ಟ್.

ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಲೈಫ್ ಜಾಕೆಟ್ ನೋಡಿ. ಶೆಡ್‌ನಲ್ಲಿ ಆರು ನೇತುಹಾಕಿದ್ದರು. ಎರಡಕ್ಕೆ ಬಕಲ್ ಇಲ್ಲ, ಅದರ ಜಾಗದಲ್ಲಿ ಸುತಲಿ. ಮಕ್ಕಳ ಸೈಜ್ ಒಂದೂ ಇಲ್ಲ. ನೀರು ತುಂಬಿದ್ದರೂ ನಾನು ಮಗಳನ್ನು ಹತ್ತಿಸುತ್ತಿರಲಿಲ್ಲ. ಈಜಲು ಬಿಡಲ್ಲ ಅಂದರು, ಅದು ಸರಿ. ಹೂಳಿರುವ ಕೆರೆ, ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತೆ. ರಾತ್ರಿ ಬೇರೆ ಪಂಪ್‌ಸೆಟ್. ಡೀಸೆಲ್ ಮೋಟರ್ ಬೆಳಗಿನ ಜಾವದವರೆಗೂ ಗುಡುಗುಡು. ಬೋಟಿಂಗ್ ಇಲ್ಲದಿದ್ದರೂ ಬಿಲ್‌ನಲ್ಲಿ ‘ಆಕ್ಟಿವಿಟಿ’ ಅಂತ 500 ರೂಪಾಯಿ ಸೇರಿಸಿದ್ದರು. ಜಗಳ ಆಡಿದ ಮೇಲೆ ತೆಗೆದರು.

ಊಟಕ್ಕೆ ಮಾತ್ರ ಹೆಸರಿಡುವ ಹಾಗಿಲ್ಲ. ಕಡುಬು, ಕೋಳಿ ಸಾರು, ಬೆಳಿಗ್ಗೆ ಅಕ್ಕಿ ರೊಟ್ಟಿ. ರೊಟ್ಟಿ ಎಷ್ಟು ತೆಳು ಅಂದರೆ ಒಲೆಯಿಂದ ತೆಗೆದು ತಟ್ಟೆಗೆ ಹಾಕುವಷ್ಟರಲ್ಲಿ ಮಡಚಿಕೊಳ್ಳೋದು. ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ. ಆದರೆ ಕಾಫಿ ತೋಟದಲ್ಲಿ ಕಾಫಿಯನ್ನು ಐದೂವರೆಗೇ ಮಾಡಿ ಫ್ಲಾಸ್ಕ್‌ನಲ್ಲಿಟ್ಟು ಎಂಟಕ್ಕೆ ಕೊಡೋದು ಯಾವ ನ್ಯಾಯ!

ಭಾನುವಾರ ಬೆಳಿಗ್ಗೆ ಮಾಲೀಕರು ನಮ್ಮನ್ನು ಮೇಲಿನ ಬ್ಲಾಕಿಗೆ ಕರೆದುಕೊಂಡು ಹೋದರು. ಮೊದಲು ನೀರು ಕೊಟ್ಟಿದ್ದ ಬ್ಲಾಕ್ ಅದು. ತಿರುವು ದಾಟುವ ಮೊದಲೇ ವಾಸನೆ ಬಂತು, ಮಲ್ಲಿಗೆ ದಂಡೆಯ ಬುಟ್ಟಿ ಮುಚ್ಚಳ ತೆಗೆದ ಹಾಗೆ. ಗಿಡದ ರೆಂಬೆ ಒಂದೊಂದೂ ಬಿಳಿ. ಎಲೆ ಎಲ್ಲಿದೆ ಅಂತ ಹುಡುಕಬೇಕು. ಜೇನು ಎಷ್ಟಿದ್ದವು ಅಂದರೆ ಇಡೀ ಇಳಿಜಾರೇ ಗುಂಯ್ ಅನ್ನುತ್ತಿತ್ತು. ಮಾವ ನನ್ನ ಕಡೆ ತಿರುಗಿ, ‘ನೀರು ಎಲ್ಲಿ ಅಂತ ಕೇಳ್ತಿದ್ದಲ್ಲಮ್ಮ, ಇಲ್ಲೈತೆ ನೋಡು’ ಅಂದರು. ಈ ಹೂ ಎರಡು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತಂತೆ. ಇದನ್ನು ಇವರು ಎಲ್ಲೂ ಜಾಹೀರಾತಿನಲ್ಲಿ ಹಾಕಿಲ್ಲ. ಇಲ್ಲದ ಕಯಾಕಿಂಗ್ ಹಾಕಿದ್ದಾರೆ.

ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಹೋದೆವು. ಮಾವನ ಹಠ. ದರ 3,500ಕ್ಕೆ ಏರಿತ್ತು. ಈ ಸಲ ಜೆಟ್ಟಿಯ ಹಲಗೆಗೆ ನೀರು ತಾಗುತ್ತಿತ್ತು, ಕೋಡಿಯಲ್ಲಿ ಸಣ್ಣಗೆ ಹರಿಯುತ್ತಿತ್ತು. ಮಗಳ ಸೈಜಿನ ಎರಡು ಹೊಸ ಜಾಕೆಟ್ ಬಂದಿದ್ದವು. ಸುತಲಿಯ ಜಾಕೆಟ್‌ಗಳೂ ಅಲ್ಲೇ ಇದ್ದವು ಬಿಡಿ. ಹರಿಗೋಲಿನಲ್ಲಿ ಒಂದು ಸುತ್ತು, ಕಯಾಕ್‌ನಲ್ಲಿ ಒಂದು ಗಂಟೆ. ಗಾಳ ಹಾಕಿ ಕೂರಬಹುದು, ಮೀನು ಸಿಕ್ಕರೆ ವಾಪಸ್ ಬಿಡಬೇಕು. ಮಾವನಿಗೆ ಒಂದೂ ಸಿಗಲಿಲ್ಲ. ಸಂಜೆ ಆರರ ಮೇಲೆ ಕೆರೆ ಹತ್ತಿರ ಹೋಗುವಂತಿಲ್ಲ, ಆನೆ ನೀರಿಗೆ ಬರುತ್ತೆ. ಸುಮ್ನೆ ಹೆದರಿಸೋಕೆ ಹೇಳ್ತಾರೆ ಅಂದುಕೊಂಡಿದ್ದೆ. ಬೆಳಿಗ್ಗೆ ಏರಿ ಮೇಲೆ ಹಸಿ ಲದ್ದಿ ಬಿದ್ದಿತ್ತು.

ನೀವು ಹೋಗುವುದಾದರೆ ಫೋನ್ ಮಾಡಿ ‘ಕೆರೆ ಇದೆಯಾ’ ಅಂತ ಕೇಳಬೇಡಿ, ಇದೆ ಅಂತಲೇ ಹೇಳ್ತಾರೆ. ‘ಇವತ್ತು ಜೆಟ್ಟಿ ಹತ್ತಿರ ನೀರು ಎಷ್ಟಿದೆ, ಒಂದು ಫೋಟೋ ಕಳಿಸಿ’ ಅನ್ನಿ. ಬೋಟ್ ಬೇಕೇ ಬೇಕು ಅಂದರೆ ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಹೋಗಿ. ಮಕ್ಕಳಿದ್ದರೆ ಜಾಕೆಟ್ ಸೈಜ್ ಕೇಳಿ.

ನಾವು ಹೊರಡುವಾಗ ಮಾಲೀಕರು, ‘ಮಾರ್ಚ್‌ಗೆ ಬನ್ನಿ ಯಜಮಾನ್ರೇ, ಹೂವಿನ ದಿನ ನೋಡಿ ಫೋನ್ ಮಾಡ್ತೀನಿ’ ಅಂದರು. ಮಾವ ಕಾರಿನ ಕಿಟಕಿ ಇಳಿಸಿ, ‘ನೀರು ಬಿಟ್ಟ ದಿನ ಹೇಳಿ ಸಾಕು. ಮಿಕ್ಕಿದ್ದು ನಾನು ಎಣಿಸ್ಕೊಂತೀನಿ’ ಅಂದರು.