ಎಂ.ಜಿ. ರೋಡ್ ಸುತ್ತಿನ ಖಾಲಿ ಮಹಡಿಗೆ ಬಾಡಿಗೆದಾರರನ್ನು ತರುವವರು ಯಾರು? ಪೋರ್ಟಲ್, ಬ್ರೋಕರ್, ದೊಡ್ಡ ಕನ್ಸಲ್ಟೆನ್ಸಿಗಳ ವಿಮರ್ಶೆ

ಬೆಂಗಳೂರಿನ ಎಂ.ಜಿ. ರೋಡ್, ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರೋಡ್ ಕಡೆಯ ಹಳೇ ಕಮರ್ಷಿಯಲ್ ಕಟ್ಟಡಗಳಲ್ಲಿ ನೆಲಮಹಡಿ ಖಾಲಿಯಾದರೆ ಹೆಚ್ಚು ಓಡಾಟ ಬೇಕಿಲ್ಲ. ಶಟರ್ ಮೇಲೆ ಫೋನ್ ನಂಬರ್ ಹಾಕಿದರೂ ಕೇಳುವವರು ಬರುತ್ತಾರೆ. ತಲೆನೋವು ಎರಡು, ಮೂರನೇ ಮಹಡಿಗಳದ್ದು. 1,500ರಿಂದ 4,000 ಚದರಡಿ, ಒಂದೇ ಲಿಫ್ಟ್, ಕಾರಿಗೆ ಜಾಗ ಅಷ್ಟಕ್ಕಷ್ಟೆ. ಅಲ್ಲಿಗೆ ಪಾರ್ಟಿ (ಬಾಡಿಗೆದಾರರನ್ನು) ತರುತ್ತೇವೆ ಎನ್ನುವ ಸೇವೆಗಳಲ್ಲಿ ಯಾವುದು ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ ಎಂಬುದು ಈ ವಿಮರ್ಶೆಯ ವಿಷಯ.

ಮೊದಲು ಪೋರ್ಟಲ್‌ಗಳು. 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್, ನೋಬ್ರೋಕರ್ ಮೂರರಲ್ಲೂ ಕಮರ್ಷಿಯಲ್ ವಿಭಾಗ ಇದೆ. ಹಾಕಿದ ದಿನವೇ ಫೋನ್ ಶುರುವಾಗುತ್ತದೆ, ಆದರೆ ಕರೆ ಮಾಡುವವರಲ್ಲಿ ಬಹಳಷ್ಟು ಜನ ಬ್ರೋಕರ್‌ಗಳೇ. ‘ಬ್ರೋಕರ್‌ಗಳು ಕರೆ ಮಾಡಬೇಡಿ’ ಎಂದು ಬರೆದರೂ ಅದೇ ಕಥೆ. ದುಡ್ಡು ಕೊಟ್ಟು ಪ್ಯಾಕೇಜ್ ತೆಗೆದುಕೊಂಡರೆ ಜಾಹೀರಾತು ಮೇಲಕ್ಕೆ ಬರುತ್ತದೆ. ಕರೆಗಳು ಹೆಚ್ಚುತ್ತವೆ, ಜಾಗ ನೋಡಲು ಬರುವವರು ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹಾಗಂತ ಪೋರ್ಟಲ್ ಬೇಡವೆಂದಲ್ಲ. ಉಚಿತ ಜಾಹೀರಾತು ಒಂದು ಇರಲಿ, ಆದರೆ ಸರಿಯಾಗಿ ಇರಲಿ. ‘ಪ್ರೈಮ್ ಲೊಕೇಶನ್, ಗುಡ್ ವೆಂಟಿಲೇಶನ್’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಾರ್ಪೆಟ್ ಏರಿಯಾ (ಗೋಡೆಗಳ ಒಳಗೆ ನಿಜವಾಗಿ ಬಳಸಲು ಸಿಗುವ ಜಾಗ), ಬೀಮ್ ಕೆಳಗಿನ ಎತ್ತರ, ಟಾಯ್ಲೆಟ್ ಒಳಗಿದೆಯೋ ಕಾರಿಡಾರ್‌ನಲ್ಲಿ ಎಲ್ಲರಿಗೂ ಸೇರಿದ್ದೋ, ಸ್ಯಾಂಕ್ಷನ್ಡ್ ಲೋಡ್ (ಮಂಜೂರಾದ ವಿದ್ಯುತ್ ಪ್ರಮಾಣ) ಎಷ್ಟು ಕಿಲೋವ್ಯಾಟ್, ಜನರೇಟರ್ ಇದೆಯೇ, ಎಷ್ಟು ಕಾರು, ಮೆಟ್ರೋ ನಿಲ್ದಾಣದಿಂದ ನಡೆದರೆ ಎಷ್ಟು ನಿಮಿಷ: ಇವಿಷ್ಟು ಬರೆದರೆ ಅರ್ಧ ಬೇಡದ ಕರೆಗಳು ನಿಲ್ಲುತ್ತವೆ.

ಫೋಟೋ ವಿಷಯದಲ್ಲಿ ಹೆಚ್ಚಿನವರು ಬಿಡುವ ಒಂದು ಚಿತ್ರವಿದೆ. ರಸ್ತೆಯ ಎದುರು ಬದಿಯಲ್ಲಿ ನಿಂತು, ಕಟ್ಟಡದ ಮುಖದ ಮೇಲೆ ನಾಮಫಲಕ ಎಲ್ಲಿ ಬರುತ್ತದೆ ಎಂದು ಕಾಣುವಂತೆ ತೆಗೆದದ್ದು. ಮೇಲಿನ ಮಹಡಿಗೆ ಬರುವ ಕ್ಲಿನಿಕ್, ಕೋಚಿಂಗ್ ಸೆಂಟರ್, ವಿದೇಶಿ ವ್ಯಾಸಂಗ ಸಲಹೆಯವರು ಬಾಡಿಗೆಗಿಂತ ಮೊದಲು ಕೇಳುವುದು ಬೋರ್ಡ್ ಜಾಗ. 4 ಅಡಿ ಎತ್ತರ, 12 ಅಡಿ ಉದ್ದ ಎಂದು ಅಳತೆ ಸಮೇತ ಹೇಳಿ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂಬ ನಿಯಮವನ್ನೂ ಆಗಲೇ ತಿಳಿಸಿಬಿಡಿ. ಹೊರರಾಜ್ಯದ ಕಂಪನಿಗಳು ಬೋರ್ಡ್ ಮಾಡಿಸಿ ತಂದ ಮೇಲೆ ಶುರುವಾಗುವ ಜಗಳ ತಪ್ಪುತ್ತದೆ.

ಇನ್ನು ಜೆಎಲ್‌ಎಲ್, ಸಿಬಿಆರ್‌ಇ, ಕುಶ್‌ಮನ್, ನೈಟ್ ಫ್ರಾಂಕ್, ಕೊಲಿಯರ್ಸ್‌ನಂಥ ದೊಡ್ಡ ಕನ್ಸಲ್ಟೆನ್ಸಿಗಳು. ಕೆಲಸ ಅಚ್ಚುಕಟ್ಟು, ಕಾಗದಪತ್ರ ಪಕ್ಕಾ. ಆದರೆ ಅವರ ಗಿರಾಕಿಗಳು ಕೇಳುವುದು ಹೆಚ್ಚಾಗಿ 10,000 ಚದರಡಿ ಮೇಲಿನ ಜಾಗ, ಓಸಿ (ಆಕ್ಯುಪೆನ್ಸಿ ಸರ್ಟಿಫಿಕೇಟ್, ಅಂದರೆ ಕಟ್ಟಡ ಬಳಸಲು ಕೊಡುವ ಸರ್ಕಾರಿ ಪ್ರಮಾಣಪತ್ರ) ಇರುವ ಕಟ್ಟಡ, ಪೂರ್ತಿ ಪವರ್ ಬ್ಯಾಕಪ್. ನಿಮ್ಮ 2,500 ಚದರಡಿಯ ಮೂರನೇ ಮಹಡಿ ಅವರ ಪಟ್ಟಿಯಲ್ಲಿ ಸೇರುತ್ತದೆ, ಅಲ್ಲೇ ಉಳಿಯುತ್ತದೆ. ಇಡೀ ಕಟ್ಟಡ ಅಥವಾ ಸಾಲಾಗಿ ಮೂರ್ನಾಲ್ಕು ಮಹಡಿ ಖಾಲಿ ಇದ್ದರೆ ಮಾತ್ರ ಇವರ ಬಾಗಿಲು ತಟ್ಟಿ. ಆಗ ಇಂಡಿಕ್ಯೂಬ್, ಸ್ಮಾರ್ಟ್‌ವರ್ಕ್ಸ್ ತರಹದ, ಜಾಗ ಹಿಡಿದು ಸಜ್ಜುಗೊಳಿಸಿ ಬೇರೆಯವರಿಗೆ ಕೊಡುವ ಮ್ಯಾನೇಜ್ಡ್ ಆಫೀಸ್ ಕಂಪನಿಗಳ ಜೊತೆಗೂ ಮಾತಾಡಬಹುದು. ಆದಾಯ ಹಂಚಿಕೆಯ ಪ್ರಸ್ತಾಪ ಯಾರಿಂದ ಬಂದರೂ ಕನಿಷ್ಠ ಖಾತರಿ ಬಾಡಿಗೆ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯದೆ ಮುಂದಕ್ಕೆ ಹೋಗಬೇಡಿ.

ಸಣ್ಣ ಮಹಡಿಗೆ ನಮ್ಮ ಓಟು ಅದೇ ಏರಿಯಾದಲ್ಲಿ ನಡೆದಾಡುವ ಲೋಕಲ್ ಬ್ರೋಕರ್‌ಗೆ. ಎದುರಿನ ಕಟ್ಟಡದ ಆಡಿಟರ್ ಆಫೀಸಿಗೆ ಜಾಗ ಸಾಲುತ್ತಿಲ್ಲ, ಹಿಂದಿನ ರಸ್ತೆಯ ಡಯಾಗ್ನೋಸ್ಟಿಕ್ ಸೆಂಟರ್‌ನ ಲೀಸ್ ಮುಗಿಯುತ್ತಿದೆ ಎಂಬ ಸುದ್ದಿ ಇವರ ಹತ್ತಿರ ಇರುತ್ತದೆ, ಯಾವ ಆಪ್‌ನಲ್ಲೂ ಸಿಗುವುದಿಲ್ಲ. ಆದರೆ ಎಲ್ಲರೂ ಒಂದೇ ಗುಣಮಟ್ಟದವರಲ್ಲ. ಒಳ್ಳೆಯವರನ್ನು ಗುರುತಿಸುವುದು ಸುಲಭ. ಬಂದವರು ಮೊದಲು ‘ಎಷ್ಟು ಬಾಡಿಗೆ ಹೇಳ್ಲಿ ಸಾರ್?’ ಅಂದರೆ ಕಾಫಿ ಕೊಟ್ಟು ಕಳಿಸಿ. ಪ್ಲಾನ್, ಓಸಿ, ಕರೆಂಟ್ ಬಿಲ್ ತೋರಿಸಿ ಎಂದು ಕೇಳುವವರು ಕೆಲಸ ಗೊತ್ತಿದ್ದವರು.

ಕರೆಂಟ್ ಬಿಲ್ ಏಕೆ ಅಂದರೆ, ಎಸಿ ಇರುವ ಆಫೀಸಿಗೆ 100 ಚದರಡಿಗೆ 1 ಕೆವಿಎ (ವಿದ್ಯುತ್ ಲೋಡ್‌ನ ಅಳತೆ) ಎಂಬುದು ರೂಢಿಯ ಲೆಕ್ಕ. 3,000 ಚದರಡಿಗೆ 30 ಬೇಕು. ಹಳೇ ಕಟ್ಟಡದ ಮೀಟರ್ ಮೇಲೆ ಬರೀ 10 ಇರಬಹುದು. ಲೋಡ್ ಏರಿಸಲು ಬೆಸ್ಕಾಂಗೆ ಅರ್ಜಿ, ಡಿಪಾಸಿಟ್, ಕೇಬಲ್ ಬದಲಾವಣೆ ಎಂದು ವಾರಗಟ್ಟಲೆ ಹಿಡಿಯುತ್ತದೆ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ ಹೊಸ ಮೀಟರ್ ಸಿಗುವುದೇ ಬಿಗಿಯಾಗಿದೆ. ಪಾರ್ಟಿ ಟೋಕನ್ ಕೊಟ್ಟ ಮೇಲೆ ಇದು ಗೊತ್ತಾದರೆ ಡೀಲ್ ಮುರಿದ ಹಾಗೇ.

ರೆಸ್ಟೋರೆಂಟ್ ಪಾರ್ಟಿ ಹೆಚ್ಚು ಬಾಡಿಗೆ ಕೊಡುತ್ತೇನೆಂದು ಬಂದಾಗ ಬಹಳ ಜನ ಜಾರುವುದು ಇಲ್ಲೇ. ಅಡುಗೆಮನೆಯ ಹೊಗೆ ಕೊಳವೆ ಟೆರೇಸ್‌ವರೆಗೆ ಹೋಗಲು ದಾರಿ ಇದೆಯೇ, ಗ್ರೀಸ್ ಟ್ರ್ಯಾಪ್‌ಗೆ (ಅಡುಗೆಯ ಜಿಡ್ಡು ಚರಂಡಿಗೆ ಹೋಗದಂತೆ ಹಿಡಿಯುವ ತೊಟ್ಟಿ) ಕೆಳಗೆ ಜಾಗ ಇದೆಯೇ, ಗ್ಯಾಸ್ ಸಿಲಿಂಡರ್ ಎಲ್ಲಿ ಇಡುತ್ತಾರೆ, ಹೊರಬರಲು ಎರಡನೇ ಮೆಟ್ಟಿಲ ದಾರಿ ತೆರೆದಿದೆಯೇ? ಇದಕ್ಕೆಲ್ಲ ಉತ್ತರ ಇಲ್ಲದಿದ್ದರೆ ಲೈಸೆನ್ಸ್ ಹಂತದಲ್ಲಿ ನಿಲ್ಲುತ್ತದೆ. ಲೈಸೆನ್ಸ್ ಬಿಡಿ, 2010ರ ಫೆಬ್ರವರಿಯಲ್ಲಿ ಹಳೇ ಏರ್‌ಪೋರ್ಟ್ ರೋಡಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ತೀರಿಕೊಂಡರು. ಮೆಟ್ಟಿಲ ಮೇಲೆ ಹಳೇ ಕುರ್ಚಿ, ಫೈಲ್ ಪೇರಿಸಿಟ್ಟ ಕಟ್ಟಡಗಳು ಇವತ್ತಿಗೂ ಕಡಿಮೆಯೇನಿಲ್ಲ.

ಲೋಕಲ್ ಬ್ರೋಕರ್ ಸೇವೆಯ ದೊಡ್ಡ ದೋಷ ಒಂದೇ ಜಾಗ ಹತ್ತು ಕೈ ಸೇರುವುದು. ನೀವು ಒಬ್ಬರಿಗೆ ಹೇಳುತ್ತೀರಿ, ಅವರು ಗ್ರೂಪಿಗೆ ಹಾಕುತ್ತಾರೆ, ಮಾರನೇ ದಿನ ಅದೇ ಮಹಡಿ ಒಂದು ಕಡೆ ಚದರಡಿಗೆ 95 ರೂಪಾಯಿಗೆ, ಇನ್ನೊಂದು ಕಡೆ 120ಕ್ಕೆ, ಮತ್ತೊಂದು ಕಡೆ ಬೇರೆ ಕಟ್ಟಡದ ಫೋಟೋ ಜೊತೆ ಕಾಣುತ್ತದೆ. ನೋಡಿದ ಕಂಪನಿ ಇದೇನೋ ಗೋಲ್‌ಮಾಲ್ ಎಂದು ಬಿಟ್ಟುಹೋಗುತ್ತದೆ. ಒಬ್ಬರಿಗೇ 60ರಿಂದ 90 ದಿನಗಳ ಎಕ್ಸ್‌ಕ್ಲೂಸಿವ್ ಪತ್ರ ಕೊಡಿ, ಬೇರೆ ಬ್ರೋಕರ್‌ಗಳು ಅವರ ಮೂಲಕವೇ ಬರಲಿ. ಜಾಗ ನೋಡಲು ಬಂದ ಪ್ರತಿ ಕಂಪನಿಯ ಹೆಸರು, ದಿನಾಂಕ, ಕರೆತಂದವರ ಹೆಸರು ಅಂದೇ ವಾಟ್ಸ್ಯಾಪ್‌ನಲ್ಲಿ ದಾಖಲಾಗಲಿ. ‘ಆ ಪಾರ್ಟಿ ನನ್ನದು’ ಎಂದು ಇಬ್ಬರು ಬ್ರೋಕರೇಜ್ ಕೇಳಿದಾಗ ಉಳಿಸುವುದು ಆ ಮೆಸೇಜೇ.

ಸರ್ಕಾರಿ ಬ್ಯಾಂಕ್‌ಗಳ ದಾರಿ ಬೇರೆ. ಅವು ಪತ್ರಿಕೆ ಮತ್ತು ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಣೆ ಕೊಟ್ಟು, ತಾಂತ್ರಿಕ ಬಿಡ್ ಮತ್ತು ದರದ ಬಿಡ್ ಬೇರೆ ಬೇರೆ ಲಕೋಟೆಯಲ್ಲಿ ಕೇಳುತ್ತವೆ. ಬ್ರೋಕರೇಜ್ ಕೊಡುವುದಿಲ್ಲ, ದರ ಕಾರ್ಪೆಟ್ ಏರಿಯಾ ಮೇಲೆ. ಶಾಖೆಗೆ ನೆಲಮಹಡಿಯೇ ಇಷ್ಟ. ಆಡಳಿತ ಕಚೇರಿಯಾದರೆ ಮೇಲಿನ ಮಹಡಿಗೂ ಒಪ್ಪುತ್ತವೆ. ಸ್ಟ್ರಾಂಗ್‌ರೂಮ್ ಸಾಮಾನ್ಯವಾಗಿ ಮಾಲೀಕರೇ ಕಟ್ಟಿಸಿಕೊಡಬೇಕು. ನಿಧಾನ ನಿಜ, ಆದರೆ ಒಮ್ಮೆ ಬಂದರೆ ವರ್ಷಗಟ್ಟಲೆ ಕದಲುವುದಿಲ್ಲ.

ಕಾರ್ಪೆಟ್ ವಿಷಯ ಬಂದಿತು, ಲೆಕ್ಕ ನೋಡಿ. ಸೂಪರ್ ಬಿಲ್ಟ್ ಅಪ್ (ಗೋಡೆ, ಮೆಟ್ಟಿಲು, ಲಿಫ್ಟ್‌ನ ಪಾಲು ಸೇರಿಸಿದ ಅಳತೆ) 3,000 ಚದರಡಿ, ಕಾರ್ಪೆಟ್ ಶೇ 70 ಅಂದರೆ 2,100. ನೀವು ಚದರಡಿಗೆ ತಿಂಗಳಿಗೆ 100 ರೂಪಾಯಿ ಹೇಳಿದರೆ ಬ್ಯಾಂಕಿನ ಕಣ್ಣಿಗೆ ಅದು ಸುಮಾರು 143. ಇನ್ನೊಂದು: 100ಕ್ಕೆ ಬಂದ ಪಾರ್ಟಿಯನ್ನು 105 ಬೇಕೆಂದು ಕಳಿಸಿದರೆ ತಿಂಗಳಿಗೆ 15,000 ಹೆಚ್ಚು ಸಿಗಬಹುದು. ಆದರೆ ಒಂದು ತಿಂಗಳು ಖಾಲಿ ಬಿದ್ದರೆ ಹೋಗುವುದು 3 ಲಕ್ಷ, ಅದನ್ನು ತುಂಬಿಕೊಳ್ಳಲು 20 ತಿಂಗಳು. ಇದನ್ನು ಮಾಲೀಕರಿಗೆ ಮುಖಕ್ಕೆ ಹೇಳುವ ಬ್ರೋಕರ್ ಸಿಕ್ಕರೆ ಬಿಡಬೇಡಿ.

ಕಾಗದಪತ್ರದಲ್ಲಿ ಲೋಕಲ್ ಬ್ರೋಕರ್‌ಗಳಿಗೆ ಅಂಕ ಕಡಿಮೆ. 11 ತಿಂಗಳ ಅಗ್ರಿಮೆಂಟ್ ಫಾರ್ಮನ್ನೇ ತಿದ್ದಿ 3 ವರ್ಷದ ಲಾಕ್-ಇನ್ (ನಡುವೆ ಬಿಟ್ಟುಹೋಗುವಂತಿಲ್ಲ ಎಂಬ ಷರತ್ತು) ಸೇರಿಸುತ್ತಾರೆ. ಒಂದು ವರ್ಷ ಮೀರಿದ ಲೀಸ್ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಆಗದಿದ್ದರೆ ಬಾಡಿಗೆದಾರ ನಡುವೆ ಬಿಟ್ಟುಹೋದಾಗ ಆ ಲಾಕ್-ಇನ್ ಹಿಡಿದು ಕೋರ್ಟಿಗೆ ಹೋಗುವುದು ಕಷ್ಟ. ಡ್ರಾಫ್ಟ್ ನಿಮ್ಮ ವಕೀಲರಿಂದ ಆಗಲಿ. ಕೀ ಕೊಡುವ ದಿನ ಮತ್ತು ಬಾಡಿಗೆ ಶುರುವಾಗುವ ದಿನ ಬೇರೆ ಬೇರೆ ಬರೆಯಿಸಿ. ಫಿಟ್-ಔಟ್‌ಗೆ (ಒಳಗೆ ಸಜ್ಜುಗೊಳಿಸಿಕೊಳ್ಳಲು) 30ರಿಂದ 60 ದಿನ ಬಾಡಿಗೆ ಮನ್ನಾ ಮಾಡುವುದು ವಾಡಿಕೆ, ಆ ಅವಧಿಯ ಕರೆಂಟ್ ಬಿಲ್ ಬಾಡಿಗೆದಾರರದ್ದೇ. 3 ಲಕ್ಷ ಬಾಡಿಗೆಗೆ ಶೇ 18 ಜಿಎಸ್‌ಟಿ 54,000 ಸೇರುತ್ತದೆ, ಕಂಪನಿ ಬಾಡಿಗೆಯ ಮೇಲೆ ಶೇ 10 ಟಿಡಿಎಸ್ ಅಂದರೆ 30,000 ಹಿಡಿಯುತ್ತದೆ. ಖಾತೆಗೆ ಬರುವುದು 3,24,000, ಅದರಲ್ಲಿ 54,000 ಸರ್ಕಾರದ್ದು. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ ಬಾಡಿಗೆದಾರರಿಗೆ ಇದ್ದರೆ, 2024ರ ಅಕ್ಟೋಬರ್ 10ರಿಂದ ರಿವರ್ಸ್ ಚಾರ್ಜ್‌ನಲ್ಲಿ ಆ ತೆರಿಗೆಯನ್ನು ಬಾಡಿಗೆದಾರರೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಕಾಂಪೊಸಿಷನ್ ಸ್ಕೀಮಿನ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಬಾಡಿಗೆದಾರರಿಗೆ ಮಾತ್ರ ಆಮೇಲೆ ವಿನಾಯಿತಿ ಸಿಕ್ಕಿದೆ.

ಬ್ರೋಕರೇಜ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ, ಎರಡೂ ಕಡೆಯಿಂದ. ಅರ್ಧ ನೋಂದಣಿಯ ದಿನ, ಉಳಿದರ್ಧ ಪೂರ್ತಿ ಅಡ್ವಾನ್ಸ್ ಮತ್ತು ಮೊದಲ ತಿಂಗಳ ಬಾಡಿಗೆ ಬ್ಯಾಂಕಿಗೆ ಬಂದ ಮೇಲೆ ಎಂದು ಎಕ್ಸ್‌ಕ್ಲೂಸಿವ್ ಪತ್ರದಲ್ಲೇ ಬರೆದುಕೊಳ್ಳಿ.