‘ಕ್ಯಾಲಿಬ್ರೇಷನ್ ಆಗಿದೆ’ ಎಂದು ಮಾರುವ ಹಳೆಯ ಆಸಿಲೋಸ್ಕೋಪ್: ಕಲಬುರಗಿಯವರು ಎಚ್ಚರ

ಹಳೆಯ ಅನಲಾಗ್ ಆಸಿಲೋಸ್ಕೋಪ್ (ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಕೊಳ್ಳುವವರು ಹಣ ಎಣಿಸುವ ಮೊದಲು ಅದರ ಪ್ಲಗ್ ನೋಡಿ. ಕಲಬುರಗಿಯ ರಿಪೇರಿಯವರೊಬ್ಬರು ನನಗೆ ಮಾರಿದ ಟೆಕ್ಟ್ರಾನಿಕ್ಸ್ ಕಂಪನಿಯ 465 ಮಾದರಿಯ ಸ್ಕೋಪ್‌ನ ಪ್ಲಗ್‌ನಲ್ಲಿ ಅರ್ತ್ ಪಿನ್ನನ್ನೇ ಕತ್ತರಿಸಿದ್ದರು. ಮುಂಭಾಗದ ಬಿಎನ್‌ಸಿ ಸಾಕೆಟ್‌ಗೆ (ಪ್ರೋಬ್, ಅಂದರೆ ಅಳೆಯುವ ವೈರ್ ಸಿಕ್ಕಿಸುವ ಲೋಹದ ಸಾಕೆಟ್) ಬೆರಳು ತಾಗಿದರೆ ಜುಮ್ಮೆನ್ನುತ್ತಿತ್ತು. ಕೇಳಿದರೆ, ‘ಟಿವಿ ಬೋರ್ಡ್ ನೋಡುವಾಗ ಫ್ಯೂಸ್ ಹಾರಬಾರದಲ್ಲ’ ಎಂಬ ಉತ್ತರ. ಪ್ರೋಬ್‌ನ ಕ್ಲಿಪ್ ಅರ್ತ್‌ಗೆ ಸೇರಿರುವುದರಿಂದ ಮೇನ್ಸ್‌ಗೆ ನೇರ ಸೇರಿದ ಅಂಥ ಬೋರ್ಡ್‌ನಲ್ಲಿ ಶಾರ್ಟ್ ಆಗುವುದು ನಿಜವೇ. ಆದರೆ ಅರ್ತ್ ಕಿತ್ತರೆ ಅದೇ 230 ವೋಲ್ಟ್ ಸ್ಕೋಪ್‌ನ ಲೋಹದ ಮೈಗೆ ಬರುತ್ತದೆ! ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬೇಕಾದದ್ದು ಪರೀಕ್ಷಿಸುವ ಬೋರ್ಡ್‌ಗೆ. ಮಕ್ಕಳು ಓಡಾಡುವ ಮನೆಗೆ ಇಂಥದ್ದನ್ನು ಕೊಟ್ಟರಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಪಿನ್ ಬದಲಿಸಿದ ಮೇಲೆ ಅವರು ಹೇಳಿದ್ದ ‘ಪೂರ್ತಿ ಕ್ಯಾಲಿಬ್ರೇಷನ್’ (ಅಳತೆ ನಿಖರವಾಗಿ ಬರುವಂತೆ ಹೊಂದಿಸುವುದು) ಪರೀಕ್ಷಿಸಿದೆ. ನಮ್ಮ ಮೇನ್ಸ್ 50 ಹರ್ಟ್ಸ್, ಅಂದರೆ ಒಂದು ಅಲೆಗೆ 20 ಮಿಲಿಸೆಕೆಂಡ್. ಸಣ್ಣ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನಿಂದ (ಮೇನ್ಸ್‌ಗೆ ಪ್ರೋಬ್ ಎಂದೂ ನೇರ ಹಚ್ಚಬೇಡಿ) ಆ ಅಲೆಯನ್ನು ಕೊಟ್ಟು, ಟೈಮ್‌ಬೇಸನ್ನು (ಕಾಲದ ಅಳತೆಯ ಗುಂಡಿ) ಪರದೆಯ ಒಂದು ಚೌಕಕ್ಕೆ 5 ಮಿಲಿಸೆಕೆಂಡ್‌ಗೆ ಇಟ್ಟರೆ ಸರಿಯಾಗಿ ನಾಲ್ಕು ಚೌಕ ಹಿಡಿಯಬೇಕು. ಇಲ್ಲಿ ನಾಲ್ಕೂವರೆ ಹಿಡಿಯಿತು.

ಮುಚ್ಚಳ ತೆಗೆದಾಗ ವಿಷಯ ತಿಳಿಯಿತು. ಹಲವು ಟ್ರಿಮ್ಮರ್‌ಗಳ (ಅಳತೆ ಹೊಂದಿಸುವ ಪುಟ್ಟ ತಿರುಪುಗಳು) ತಲೆ ಉಕ್ಕಿನ ಸ್ಕ್ರೂಡ್ರೈವರ್‌ನ ಒತ್ತಡಕ್ಕೆ ಕಿತ್ತು ಸವೆದಿತ್ತು, ಒಂದರ ಪಿಂಗಾಣಿ ಬಿರುಕು ಬಿಟ್ಟಿತ್ತು. ಈ ಮಾದರಿಯಲ್ಲಿ ಮೊದಲು ನೋಡಬೇಕಾದದ್ದು ಪವರ್ ಸಪ್ಲೈ. 55 ವೋಲ್ಟ್ ಇರಬೇಕಾದ ಲೈನ್ 57 ದಾಟಿತ್ತು. 15 ವೋಲ್ಟ್ ಲೈನ್‌ನಲ್ಲಿ, ಮಲ್ಟಿಮೀಟರನ್ನು ಎಸಿಗೆ ತಿರುಗಿಸಿದರೆ, ಅರ್ಧ ವೋಲ್ಟ್‌ನಷ್ಟು ರಿಪ್ಪಲ್ (ಡಿಸಿಯಲ್ಲಿ ಉಳಿದ ಏರಿಳಿತ). ಅಂದರೆ ಅದನ್ನು ಸಮಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಆ ಕೆಪಾಸಿಟರ್ ಬದಲಿಸದೆ, ಸಪ್ಲೈಯನ್ನೂ ಸರಿಪಡಿಸದೆ, ಮುಂಭಾಗದ 1 ಕಿಲೋಹರ್ಟ್ಸ್ ಕ್ಯಾಲಿಬ್ರೇಟರ್ ಅಲೆ ಚೌಕಕ್ಕೆ ಕೂರುವ ತನಕ ಸಿಕ್ಕ ಸಿಕ್ಕ ತಿರುಪನ್ನೆಲ್ಲ ತಿರುಗಿಸಿದ್ದಾರೆ. ಆ ಅಲೆ ಇರುವುದು ಪ್ರೋಬ್ ಹೊಂದಿಸಲು, ಎತ್ತರ ನೋಡಲು. ಕಾಲ ಅಳೆಯುವುದಕ್ಕೆ ಅದನ್ನು ನಂಬುವಂತಿಲ್ಲ. ಕಾಲದ ಅಳತೆಗೆ ನಿಖರ ಅಲೆ ಕೊಡುವ ಅಗ್ಗದ ಕ್ರಿಸ್ಟಲ್ ಆಸಿಲೇಟರ್ ಸಾಕು. ಕೆಪಾಸಿಟರ್ ಬದಲಿಸಿ ಸಪ್ಲೈ ಸರಿ ಮಾಡಿದೊಡನೆ ಅವರು ಕೂರಿಸಿದ್ದೆಲ್ಲವೂ ಜಾರಿತು. ಮೂಲ ಸ್ಥಾನದ ಗುರುತು ಒಂದಕ್ಕೂ ಇಲ್ಲ.

ಮನೆಯಲ್ಲೇ ತೆರೆದು ನೋಡುವವರು ಪಿಕ್ಚರ್ ಟ್ಯೂಬಿನ ಹತ್ತಿರ ಕೈ ಹಾಕಬೇಡಿ. ಅಲ್ಲಿ 15 ಸಾವಿರ ವೋಲ್ಟ್‌ಗೂ ಹೆಚ್ಚಿದೆ, ಪ್ಲಗ್ ತೆಗೆದ ಮೇಲೂ ಚಾರ್ಜ್ ಉಳಿದಿರುತ್ತದೆ. ಟ್ರಿಮ್ಮರ್‌ಗೆ ಪ್ಲಾಸ್ಟಿಕ್ ಸ್ಕ್ರೂಡ್ರೈವರನ್ನೇ ಬಳಸಿ, ತಿರುಗಿಸುವ ಮೊದಲು ಫೋಟೊ ತೆಗೆದುಕೊಳ್ಳಿ. ಕ್ಯಾಲಿಬ್ರೇಷನ್‌ಗೆ ಮೊದಲು ಯಂತ್ರ ಹಚ್ಚಿ ಕನಿಷ್ಠ 20 ನಿಮಿಷ ಬಿಸಿಯಾಗಲು ಬಿಡಿ. ಕೋಣೆಯ ಉಷ್ಣಾಂಶವೂ 20ರಿಂದ 30 ಡಿಗ್ರಿಯೊಳಗೆ ಇರಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುವ ಬಿಸಿಲಿಗೆ ಆ ಕೆಲಸಕ್ಕೆ ಇಳಿಯಲೇಬಾರದು.

ಮಾರಿದವರು ಹಣ ವಾಪಸ್ ಕೊಟ್ಟಿಲ್ಲ, ‘ಚಾಲೂ ಇತ್ತಲ್ಲ’ ಎನ್ನುತ್ತಾರೆ. ಯಾರಾದರೂ ನಿಮಗೂ ‘ಕ್ಯಾಲಿಬ್ರೇಷನ್ ಆಗಿದೆ’ ಎಂದರೆ, ಯಾವ ಲೈನ್‌ನಲ್ಲಿ ಎಷ್ಟು ವೋಲ್ಟ್ ಬಂತು ಎಂದು ಬರೆದು ಕೊಡಲು ಕೇಳಿ, ಕೊಡಲಾಗದವರಿಂದ ಕೊಳ್ಳಬೇಡಿ.